ಡಾಟ್ ಕಾಮೋ, ಡಾಟ್ ಇನ್ನೋ, ಡಾಟ್ ಭಾರತವೋ? ಹೆಸರಿನ ಬಾಲದಲ್ಲೂ ರಾಜಕಾರಣ ಇದೆ

ದುದ್ದದ ನಾವು ಐದಾರು ಗೆಳೆಯರು ಕನ್ನಡದಲ್ಲೇ ಒಂದು ಗೇಮಿಂಗ್ ವೆಬ್‌ಸೈಟ್ ಶುರು ಮಾಡೋಕೆ ಹೊರಟಿದ್ದೇವೆ. ಮೊಬೈಲ್ ಗೇಮ್‌ಗಳ ವಿಮರ್ಶೆ, ಜೊತೆಗೆ ಚೌಕಾಬಾರ, ಅಳಿಗುಳಿಮಣೆಯಂಥ ನಮ್ಮ ಆಟಗಳ ಕತೆ. ಸೈಟಿಗೆ ಹೆಸರು ಒಂದೇ ದಿನದಲ್ಲಿ ಸಿಕ್ಕಿತು. ಹೆಸರಿನ ಬಾಲಕ್ಕೆ, ಅಂದರೆ ಡೊಮೈನ್ ಎಕ್ಸ್‌ಟೆನ್ಶನ್‌ಗೆ, ವಾರಗಟ್ಟಲೆ ಜಗಳ ನಡೀತು. ಜಗಳ ಮಾಡುವಷ್ಟು ವಿಷಯ ಅದರಲ್ಲಿ ಇದ್ದೇ ಇದೆ.

ಮೊದಲು ಕೇಳಬೇಕಾದ್ದು: ಈ ಬಾಲ ಯಾರದ್ದು? ಎರಡಕ್ಷರದ ಬಾಲಗಳೆಲ್ಲ ಯಾವುದೋ ಒಂದು ದೇಶ ಅಥವಾ ಪ್ರದೇಶಕ್ಕೆ ಸೇರಿದವು. ಗೇಮರ್‌ಗಳಿಗೆ ಪ್ರಿಯವಾದ ಡಾಟ್ ಜಿಜಿ 'ಗುಡ್ ಗೇಮ್' ಅಲ್ಲ, ಇಂಗ್ಲಿಷ್ ಕಾಲುವೆಯ ಗರ್ನ್‌ಸಿ ದ್ವೀಪದ ಗುರುತು. ಟ್ವಿಚ್ ಬಳಸುವ ಡಾಟ್ ಟಿವಿ ಪೆಸಿಫಿಕ್ ಸಾಗರದ ಟುವಾಲು ದೇಶದ್ದು. ಆ ಪುಟ್ಟ ದೇಶಕ್ಕೆ ಅದೂ ಒಂದು ಆದಾಯ. ಡಾಟ್ ಐಓ ಇರುವುದು ಚಾಗೋಸ್ ದ್ವೀಪಗಳ ಹೆಸರಲ್ಲಿ. ಅಲ್ಲಿನ ಜನರನ್ನು ಬ್ರಿಟನ್ 1960-70ರ ದಶಕಗಳಲ್ಲಿ ಒಕ್ಕಲೆಬ್ಬಿಸಿತು. ಬಾಲ ಉಳಿಯಿತು, ಜನ ಉಳಿಯಲಿಲ್ಲ.

ಎರಡನೆಯದು, ಭಾಷೆಗೂ ದೇಶಕ್ಕೂ ಇರುವ ವ್ಯತ್ಯಾಸ. ಸ್ಪ್ಯಾನಿಷ್‌ನಲ್ಲಿ ಗೇಮಿಂಗ್ ಸೈಟ್ ಮಾಡುವವರಿಗೆ ಇದು ದಿನನಿತ್ಯದ ತಲೆನೋವು. ಡಾಟ್ ಇಎಸ್ ಸ್ಪೇನ್ ದೇಶದ್ದು, ಸ್ಪ್ಯಾನಿಷ್ ಭಾಷೆಯದ್ದಲ್ಲ. ಗೂಗಲ್ ಕೂಡ ಅದನ್ನು ಸ್ಪೇನಿಗೆ ಮೀಸಲಾದ ಸೈಟ್ ಅಂತಲೇ ಓದುತ್ತದೆ. ಮೆಕ್ಸಿಕೊ, ಅರ್ಜೆಂಟೀನಾದ ಓದುಗರೂ ಬೇಕು ಅಂದರೆ ಡಾಟ್ ಕಾಮ್ ಹಿಡಿಯಬೇಕು. ಅದೇ ಸ್ಪೇನಿನೊಳಗಿನ ಕ್ಯಾಟಲನ್ ನುಡಿಯವರು ಹೋರಾಡಿ, 2005ರಲ್ಲಿ ತಮ್ಮ ಭಾಷೆಗೇ ಡಾಟ್ ಕ್ಯಾಟ್ ಅನ್ನುವ ಬಾಲ ಪಡೆದರು. 2017ರ ಜನಮತಗಣನೆಯ ಹೊತ್ತಲ್ಲಿ ಸ್ಪೇನಿನ ಪೊಲೀಸರು ಅದರ ಕಚೇರಿಗೇ ನುಗ್ಗಿದರು. ವಿಳಾಸ ಬರೀ ತಾಂತ್ರಿಕ ವಿಷಯವಾಗಿದ್ದರೆ ಪೊಲೀಸರು ಯಾಕೆ ಬರ್ತಿದ್ರು?

ಈಗ ನಮ್ಮ ಕತೆಗೆ ಬರೋಣ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ. ಆದರೆ 2011ರಲ್ಲಿ ಭಾರತದ ಭಾಷೆಗಳಿಗೆ ಮೊದಲ ಏಳು ಬಾಲಗಳು ಸಿಕ್ಕಾಗ ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ನಮ್ಮದು ಆಮೇಲೆ ಬಂತು. ಅದರ ಲಾಭ ದೊಡ್ಡದು: 'ಚೌಕಾಬಾರ'ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರ್ನಾಲ್ಕು ತರ ಬರೀಬಹುದು, ಕನ್ನಡದಲ್ಲಿ ಒಂದೇ ತರ. ತೊಂದರೆಗಳೂ ಇವೆ. ಲಿಂಕ್ ಕಾಪಿ ಮಾಡಿದರೆ ಕೆಲವೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತೆ. ಕನ್ನಡದ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು 'ತಪ್ಪು' ಅಂತ ತಿರಸ್ಕರಿಸುತ್ತವೆ. ಕನ್ನಡ, ತೆಲುಗಿನ ಹಲವು ಅಕ್ಷರಗಳು ಒಂದೇ ತರ ಕಾಣೋದರಿಂದ ನಕಲಿ ವಿಳಾಸ ತಡೆಯೋಕೂ ಪ್ರತ್ಯೇಕ ನಿಯಮ ಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು. ಓದುಗರು ಹೆಚ್ಚಾಗಿ ಇಲ್ಲಿಯವರೇ ಆದರೆ ಡಾಟ್ ಇನ್ ಮುಖ್ಯ ವಿಳಾಸವಾಗಿರಲಿ. ಡಾಟ್ ಭಾರತವನ್ನೂ ಕೊಂಡು ಅದೇ ಸೈಟಿಗೆ ಜೋಡಿಸಿ, ಪೋಸ್ಟರಿನಲ್ಲಿ ಅದನ್ನೇ ಹಾಕಿ. ಮೊದಲ ವರ್ಷದ ಅಗ್ಗದ ಬೆಲೆಗೆ ಮರುಳಾಗದೆ ನವೀಕರಣ ಶುಲ್ಕ ನೋಡಿ. ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಬಾಲ ಗರ್ನ್‌ಸಿಯದ್ದಾದರೂ ಅದರಿಂದ ತಪ್ಪಿಸಿಕೊಳ್ಳೋಕಾಗಲ್ಲ.

ಆದರೆ ಡಾಟ್ ಭಾರತವೂ ದೇಶದ ಹೆಸರೇ, ನುಡಿಯದ್ದಲ್ಲ. ಜಾಗತಿಕ ಸಂಸ್ಥೆ ಐಕ್ಯಾನ್ 2012ರ ನಂತರ ಮತ್ತೆ ಹೊಸ ಬಾಲಗಳಿಗೆ ಅರ್ಜಿ ಕರೆಯುತ್ತಿರುವುದು 2026ರಲ್ಲಿ. ಒಂದು ಅರ್ಜಿಯ ಶುಲ್ಕ 2,27,000 ಡಾಲರ್, ಅಂದರೆ ಹೆಚ್ಚುಕಮ್ಮಿ 2 ಕೋಟಿ ರೂಪಾಯಿ. ದುದ್ದದ ಹುಡುಗರ ಕೈಲಿ ಅದು ಆಗಲ್ಲ. ಪ್ರತಿ ನವೆಂಬರಿನಲ್ಲಿ ಕನ್ನಡದ ಬಗ್ಗೆ ಭಾಷಣ ಮಾಡುವ ಸರ್ಕಾರದ ಕೈಲಿ ಖಂಡಿತ ಆಗುತ್ತೆ. ಅದರ ಮುಖ್ಯ ಪೋರ್ಟಲ್‌ನ ವಿಳಾಸವೇ ಇನ್ನೂ ಇಂಗ್ಲಿಷ್ ಅಕ್ಷರಗಳಲ್ಲಿದೆ. ಡಾಟ್ ಕನ್ನಡ ಯಾವಾಗ ಅಂತ ಕೇಳಬೇಕಾದವರು ನಾವೇ.