‘ಪುಟ್ ಅಪ್’: ತಂಗಿದವರೋ, ನೆಲೆಸಿದವರೋ?

ಯುಗಾದಿಯಂದು ಸ್ಯಾಟಲೈಟ್ ಬಡಾವಣೆಯ ಕನ್ನಡಿಗರೊಬ್ಬರ ಮನೆಯಲ್ಲಿ ನಡೆದ ಪ್ರಸಂಗವಿದು. ಆಗಷ್ಟೇ ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ತರುಣನೊಬ್ಬ ಹಿರಿಯರೊಬ್ಬರನ್ನು ವಿನಯದಿಂದಲೇ, ‘ವೇರ್ ಆರ್ ಯು ಪುಟ್ ಅಪ್, ಸರ್?’ ಎಂದು ಕೇಳಿದ. ಹಿರಿಯರು ನಕ್ಕು, ‘ಪುಟ್ ಅಪ್ ಆಗಿರುವವನು ನೀನಪ್ಪ. ನಾನು ಮೂವತ್ತೆರಡು ವರ್ಷದಿಂದ ಇಲ್ಲಿಯವನೇ’ ಎಂದರು. ತರುಣನಿಗೆ ತನ್ನ ತಪ್ಪೇನೆಂದು ತಿಳಿಯಲಿಲ್ಲ. ನಮ್ಮಲ್ಲಿ ಅನೇಕರು ದಿನನಿತ್ಯ ಬಳಸುವ ಈ ಪದವನ್ನು ಕೊಂಚ ವಿಚಾರಿಸೋಣ.

ಇಂಗ್ಲಿಷಿನಲ್ಲಿ ಕ್ರಿಯಾಪದದೊಡನೆ ಪುಟ್ಟ ಅವ್ಯಯವೊಂದು ಸೇರಿ ಹೊಸ ಅರ್ಥ ಕೊಡುವುದುಂಟು. ಅದಕ್ಕೆ ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ‘ಪುಟ್’ ಎಂದರೆ ಇಡು, ‘ಅಪ್’ ಎಂದರೆ ಮೇಲೆ. ಎರಡೂ ಕೂಡಿದಾಗ ಬರುವ ಅರ್ಥ ‘ಮೇಲಿಡು’ ಎಂಬಷ್ಟೇ ಅಲ್ಲ. ಇದು ನಮಗೆ ಅಪರಿಚಿತ ರೀತಿಯೂ ಅಲ್ಲ. ಕನ್ನಡದ ‘ಉಳಿ’ ಧಾತುವಿಗೆ ‘ಕೊಳ್ಳು’ ಸೇರಿ ‘ಉಳಿದುಕೊಳ್ಳು’ ಆದಾಗ, ತಂಗುವ ಭಾವ ತಾನಾಗಿ ಬರುತ್ತದೆಯಲ್ಲವೇ?

‘ಪುಟ್ ಅಪ್’ನ ಮೊದಲ ಅರ್ಥ ಎತ್ತಿ ನಿಲ್ಲಿಸುವುದು ಅಥವಾ ತೂಗುಹಾಕುವುದು. ಚಪ್ಪರ, ಗೋಡೆಯ ಕಪಾಟು, ಸೂಚನಾಫಲಕ ಎಲ್ಲಕ್ಕೂ ಇದು ಸಲ್ಲುತ್ತದೆ. ಬೆಲೆ ಏರಿಸುವುದು, ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುವುದು, ಬಂಡವಾಳ ಒದಗಿಸುವುದು ಕೂಡ ‘ಪುಟ್ ಅಪ್’. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕಡತವನ್ನು ಮೇಲಧಿಕಾರಿಯ ಮುಂದೆ ಮಂಡಿಸುವುದಕ್ಕೂ ಇದೇ ಮಾತು.

ಉಪಗ್ರಹವನ್ನು ಕಕ್ಷೆಗೆ ಏರಿಸುವುದನ್ನೂ ಹೀಗೆಯೇ ಹೇಳಬಹುದು. ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದ ನೆರೆಯಲ್ಲಿ ವಾಸಿಸುವ ನಮಗೆ ಈ ಉದಾಹರಣೆ ಹತ್ತಿರದ್ದು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ‘ಆರ್ಯಭಟ’ದ ನಿರ್ಮಾಣಕ್ಕೆ ನೇತೃತ್ವ ವಹಿಸಿದ್ದವರು ಉಡುಪಿ ಬಳಿಯ ಅದಮಾರಿನ ಪ್ರೊ. ಯು. ಆರ್. ರಾವ್. ಅವರು ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಅಹಮದಾಬಾದಿನಲ್ಲೇ ಸಂಶೋಧನೆ ನಡೆಸಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು.

ಇನ್ನು ವಸತಿಯ ಅರ್ಥ. ಪಯಣಿಗನು ಕುದುರೆಯನ್ನು ಲಾಯದಲ್ಲಿ ಕಟ್ಟಿ ಛತ್ರದಲ್ಲಿ ರಾತ್ರಿ ಕಳೆಯುತ್ತಿದ್ದ ಕಾಲದಲ್ಲಿ ರೂಢಿಯಲ್ಲಿದ್ದ ಬಳಕೆಯಿದು. ಇಲ್ಲಿ ಮುಖ್ಯವಾದದ್ದು ತಾತ್ಕಾಲಿಕತೆ. ಊರಿನಿಂದ ಬಂದ ನೆಂಟರಿಗೆ ನಾಲ್ಕು ದಿನ ಆಶ್ರಯ ಕೊಟ್ಟರೆ ‘ವಿ ಪುಟ್ ದೆಮ್ ಅಪ್’ ಎನ್ನಬೇಕು. ಸರ್ವನಾಮ ನಡುವೆಯೇ ಬರಬೇಕು. ‘ಪುಟ್ ಅಪ್ ದೆಮ್’ ಎಂಬುದು ತಪ್ಪು. ಭೂತಕಾಲದಲ್ಲಿಯೂ ‘ಪುಟ್’ ರೂಪ ಬದಲಾಗುವುದಿಲ್ಲ.

ಭಾರತದ ಇಂಗ್ಲಿಷಿನಲ್ಲಿ ಮಾತ್ರ ಈ ಪದ ಖಾಯಂ ವಾಸಕ್ಕೂ ಹಬ್ಬಿದೆ. ನಮ್ಮ ‘ಎಲ್ಲಿದ್ದೀರಿ?’ ಎಂಬ ಪ್ರಶ್ನೆ ತಂಗಿದವರಿಗೂ ನೆಲೆಸಿದವರಿಗೂ ಒಂದೇ. ಗುಜರಾತಿಯ ‘ಕ್ಯಾಂ ರಹೋ ಛೋ?’ ಕೂಡ ಹಾಗೆಯೇ. ಆ ಅಭ್ಯಾಸ ಇಂಗ್ಲಿಷಿಗೂ ದಾಟಿರಬಹುದು. ಆದರೆ ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ‘ಪುಟ್ ಅಪ್’ ಎಂದರೆ ಪೆಟ್ಟಿಗೆ ಬಿಚ್ಚದ ಅತಿಥಿ. ಹೋಟೆಲಿನಲ್ಲಿ ಇಳಿದವರನ್ನು ‘ವೇರ್ ಆರ್ ಯು ಸ್ಟೇಯಿಂಗ್?’ ಎಂದೂ, ಮನೆಮಾಡಿಕೊಂಡವರನ್ನು ‘ವೇರ್ ಡು ಯು ಲಿವ್?’ ಎಂದೂ ಕೇಳುವುದು ಸರಿಯಾದ ಕ್ರಮ.

‘ವಿತ್’ ಸೇರಿ ‘ಪುಟ್ ಅಪ್ ವಿತ್’ ಆದರೆ ಅರ್ಥ ‘ಸಹಿಸಿಕೊಳ್ಳು’ ಎಂದಾಗುತ್ತದೆ. ಈ ಮೂರು ಪದಗಳನ್ನು ಬೇರ್ಪಡಿಸುವಂತಿಲ್ಲ. ಬಂದ ಹೊಸತರಲ್ಲಿ ನಾವು ಮೇ ತಿಂಗಳ ಸೆಕೆಯನ್ನೂ, ಸಾರಿನೊಳಗಿನ ಬೆಲ್ಲವನ್ನೂ ಸಹಿಸಿಕೊಂಡದ್ದು ಹೀಗೆ. ಈಗ ಆ ಸಿಹಿಯಿಲ್ಲದ ಸಾರು ನಮ್ಮ ಮಕ್ಕಳಿಗೆ ಸಪ್ಪೆ ಎನಿಸುತ್ತದೆ.

ಹಿರಿಯರು ನಕ್ಕು ತಿದ್ದಿದ್ದು ವ್ಯಾಕರಣವನ್ನಷ್ಟೇ ಅಲ್ಲ. ಅವರು ಇಲ್ಲಿ ಸಾಲ ಮಾಡಿ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು, ತಂದೆತಾಯಿಯರ ಅಸ್ಥಿಯನ್ನು ನರ್ಮದೆಯಲ್ಲಿ ಬಿಟ್ಟವರು. ಅಂಥವರು ತಂಗಿದವರಲ್ಲ, ನೆಲೆಸಿದವರು. ಕನ್ನಡದಲ್ಲಿ ಈ ಎರಡು ಮಾತುಗಳೂ ಬೇರೆಬೇರೆಯಾಗಿಯೇ ಇವೆ. ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಅವನ್ನೂ ಜೊತೆಗೆ ಕಲಿಸೋಣ.