ಮರದಡಿಯ ಶಿಶುವಿಹಾರ

ಶಿಶುಶಿಕ್ಷಣಕ್ಕೆ ಕಟ್ಟಡವೇ ಮೊದಲಲ್ಲ. 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಅರಣ್ಯವೇ ಶಿಶುವಿಹಾರವಾಯಿತು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕರು (1892–1973), ದನ ಕಾಯುವ ಆದಿವಾಸಿ ಮಕ್ಕಳು ಶಾಲೆಗೆ ಬಾರದಿರಲು, ಮಹಾರಾಷ್ಟ್ರದ ಕೋಸಬಾಡದಲ್ಲಿ ಶಾಲೆಯನ್ನೇ ಹುಲ್ಲುಗಾವಲಿಗೆ ಒಯ್ದರು. ಹರಳು, ಎಲೆ, ಬೀಜಗಳೇ ಅಲ್ಲಿ ಪಾಠೋಪಕರಣಗಳು. ಕೂಡಿ ಆಯ್ದು ಎಣಿಸುವ ಮಗುವು ಹಂಚಿಕೊಳ್ಳುವುದನ್ನೂ ಕಲಿಯುತ್ತದೆ.

ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಇದರಿಂದ ಇನ್ನೊಂದು ಪ್ರಯೋಜನವುಂಟು. ಇಲ್ಲಿಯ ಬೀದಿಯಲ್ಲಿ ಬೇವಿಗೆ ‘ವೇಪ’ ಅಥವಾ ‘ನೀಮ್’ ಎಂಬ ಹೆಸರು. ‘ಬೇವು’ ಪುಸ್ತಕದಲ್ಲಿ ಮಾತ್ರ. ಮರದಡಿಯಲ್ಲಿ ಗೆಳೆಯರೊಡನೆ ಅದರ ಎಲೆಯನ್ನು ಅಗಿದು ಮುಖ ಕಿವುಚಿ ನಕ್ಕ ಮಗುವು, ಆಗ ಗುರುಗಳು ಹೇಳಿದ ಕನ್ನಡದ ಹೆಸರನ್ನು ಮರೆಯಲಾರದು. ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಏನನ್ನೂ ಕೀಳುವಂತಿಲ್ಲ. ನವಿಲನ್ನು ನೋಡಿ ಬರಬಹುದು. ಬೇಸಿಗೆಯಾದರೆ ಬಿಸಿಲೇರುವ ಮೊದಲೇ ಮರಳಬೇಕು; ಮಕ್ಕಳು ಬಂಡೆಗಳ ಸಂದಿಗೆ ಕೈಹಾಕದಂತೆ ಹಿರಿಯರು ಕಣ್ಣಿಟ್ಟಿರಬೇಕು, ಅಲ್ಲಿ ಚೇಳಿನ ಭಯವುಂಟು.