ಪದಬಂಧವೂ ಪಥ್ಯವೂ

ರೋಗದಿಂದೆದ್ದವನಿಗೆ ಎರಡು ವಿಧವಾದ ಪಥ್ಯಗಳು ಬೇಕಾಗುವುವು. ದೇಹದ ಪಥ್ಯವನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುವರು. ಗಂಜಿ, ಸಾರನ್ನ, ಉಪ್ಪು ಕಡಿಮೆ ಎಂಬಿವು ಎಲ್ಲ ಮನೆಗಳಿಗೂ ತಿಳಿದ ಮಾತೇ. ಆದರೆ ಮನಸ್ಸಿನ ಪಥ್ಯವು ಯಾವ ಚೀಟಿಯಲ್ಲಿಯೂ ಬರೆದಿರುವುದಿಲ್ಲ. ಅದನ್ನು ರೋಗಿಯೂ ಅವನ ಮನೆಯವರೂ ತಾವೇ ಹುಡುಕಿಕೊಳ್ಳಬೇಕು. ನನಗೆ ಅದು ದೊರೆತುದು ದಿನಪತ್ರಿಕೆಯ ಒಳಪುಟದ ಒಂದು ಮೂಲೆಯಲ್ಲಿ, ಕಪ್ಪುಬಿಳುಪು ಚೌಕಗಳ ನಡುವೆ. ನನ್ನಂತೆ ಹಾಸಿಗೆ ಹಿಡಿದ ಇನ್ನೊಬ್ಬರಿಗೆ ಇದರಿಂದ ಅಲ್ಪಸ್ವಲ್ಪವಾದರೂ ಪ್ರಯೋಜನವಾದೀತೆಂಬ ಆಸೆಯಿಂದ ಆ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾನು ಅರಸೀಕೆರೆಯವನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದವನು. ಸಂಜೆಯಾದರೆ ಬೀದಿಯ ನಾಲ್ಕಾರು ಮಕ್ಕಳು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತುಕೊಳ್ಳುವರು. ನಾನು ಅವರಿಗೆ ಅಮರಕೋಶವನ್ನು ಹೇಳಿಕೊಡುವೆನು. ಕೂಲಿಯಿಲ್ಲದ ಈ ಪಾಠವೇ ನನ್ನ ಬಾಳಿನ ಮುಖ್ಯವಾದ ಸಂತೋಷವಾಗಿದ್ದಿತು. ಕಳೆದ ಕಾರ್ತಿಕ ಮಾಸದ ಒಂದು ಬೆಳಗ್ಗೆ ಕಾಫಿಯ ಲೋಟವು ನನ್ನ ಬಲಗೈಯಿಂದ ಜಾರಿ ಬಿದ್ದಿತು. ‘ಏನಾಯಿತು?’ ಎಂದು ಮನೆಯಾಕೆ ಓಡಿ ಬಂದಳು. ‘ಏನೂ ಇಲ್ಲ’ ಎಂದು ಹೇಳಹೊರಟ ನನ್ನ ಬಾಯಿಂದ ಅರ್ಥವಿಲ್ಲದ ಬೇರೆ ಯಾವುದೋ ಶಬ್ದಗಳು ಬಂದುವು. ಆಕೆ ನನ್ನ ಓರೆಯಾದ ತುಟಿಯನ್ನು ನೋಡಿದಳು. ಒಂದು ನಿಮಿಷವನ್ನೂ ಕಳೆಯದೆ ನೆರೆಮನೆಯವರ ಮೋಟಾರಿನಲ್ಲಿ ನನ್ನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿ ವೈದ್ಯರು ಲೇಖನಿಯೊಂದನ್ನು ಹಿಡಿದು ‘ಇದೇನು?’ ಎಂದು ಕೇಳಿದರು. ವಸ್ತುವನ್ನು ಬಲ್ಲೆನು, ಅದರಿಂದ ಮಾಡುವ ಕೆಲಸವನ್ನೂ ಬಲ್ಲೆನು. ಆದರೆ ಬಾಯಿ ‘ಕಿಟಕಿ’ ಎಂದಿತು. ಕೈಗಡಿಯಾರವನ್ನು ತೋರಿಸಿದರು, ಏನೂ ತೋರದೆ ಸುಮ್ಮನಾದೆನು. ಕೊನೆಗೆ ಮಂಚದ ಪಕ್ಕದಲ್ಲಿ ನಿಂತಿದ್ದ ಮನೆಯಾಕೆಯನ್ನು ತೋರಿಸಿ ‘ಇವರು ಯಾರು?’ ಎಂದಾಗ, ಕಣ್ಣೀರು ಬಂದಿತೇ ಹೊರತು ಮಾತು ಬರಲಿಲ್ಲ.

ಮಿದುಳಿನ ಎಡಭಾಗದ ಒಂದು ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿದುದೇ ಇದಕ್ಕೆ ಕಾರಣವೆಂದು ವೈದ್ಯರು ತಿಳಿಸಿದರು. ಮಾತಿಗೂ ಮಿದುಳಿನ ಎಡಭಾಗಕ್ಕೂ ಇರುವ ಸಂಬಂಧವನ್ನು 1861ರಲ್ಲಿ ಪ್ಯಾರಿಸ್ ನಗರದ ಪಾಲ್ ಬ್ರೋಕಾ ಎಂಬ ವೈದ್ಯನು ತೋರಿಸಿಕೊಟ್ಟನು. ಅವನ ರೋಗಿಯೊಬ್ಬನು ಇತರರು ಆಡಿದ್ದನ್ನು ತಿಳಿದುಕೊಳ್ಳಬಲ್ಲವನಾಗಿದ್ದರೂ, ತಾನು ಮಾತ್ರ ‘ಟಾನ್’ ಎಂಬ ಒಂದೇ ಶಬ್ದವನ್ನು ನುಡಿಯುತ್ತಿದ್ದನಂತೆ. ನನ್ನ ಸ್ಥಿತಿ ಅಷ್ಟು ಕಠಿನವಾಗಿರಲಿಲ್ಲ. ಬೇಗ ಚಿಕಿತ್ಸೆ ದೊರೆತುದರಿಂದ ಕೈಕಾಲುಗಳು ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ಸರಿಹೋದುವು. ವಾಕ್ಯಗಳೂ ಮೆಲ್ಲಮೆಲ್ಲನೆ ಬಂದುವು. ಆದರೆ ವಾಕ್ಯದ ನಡುವೆ ಬೇಕಾದ ಹೆಸರು ಮಾತ್ರ, ಕರೆದರೂ ಬಾರದ ಕರುವಿನಂತೆ, ದೂರದಲ್ಲಿಯೇ ನಿಂತುಬಿಡುತ್ತಿದ್ದಿತು.

ಮನೆಗೆ ಬಂದ ಮೇಲೆ ಮೊದಲು ನಾನು ಮಾಡಿದ ಕೆಲಸವೆಂದರೆ, ಯಾರೂ ಇಲ್ಲದ ಹೊತ್ತಿನಲ್ಲಿ ಅಮರಕೋಶವನ್ನು ಹೇಳಿಕೊಂಡು ನೋಡಿದುದು. ಮೂರು ಕಾಂಡಗಳು, ಸುಮಾರು 1500 ಶ್ಲೋಕಗಳುಳ್ಳ ಆ ಗ್ರಂಥವು ಬಾಲ್ಯದಿಂದ ನನ್ನ ನಾಲಗೆಯ ಮೇಲಿದ್ದುದು. ಲಕ್ಷ್ಮಿಯ ಹೆಸರುಗಳಲ್ಲಿ ನಾಲ್ಕೈದು ಬಂದು ಮುಂದೆ ದಾರಿಯೇ ಮುಚ್ಚಿಹೋಯಿತು. ಎರಡು ಸಲ, ಮೂರು ಸಲ ಮೊದಲಿನಿಂದ ಹೇಳಿದೆನು. ಪ್ರತಿಸಲವೂ ಅದೇ ಎಡೆಯಲ್ಲಿ ನಿಂತಿತು. ಹಣ ಕಳೆದರೆ ಗಳಿಸಬಹುದು. ಮೇಷ್ಟರಾದವನು ಮಾತನ್ನು ಕಳೆದುಕೊಂಡರೆ ಉಳಿಯುವುದೇನು? ಸಂಜೆ ಮಕ್ಕಳು ಬಂದು ‘ಪಾಠ ಯಾವಾಗ ಮೇಷ್ಟ್ರೇ?’ ಎಂದು ಕೇಳಿದರೆ, ಒಳಗೆ ಹೋಗಿ ಮಲಗಿಬಿಡುತ್ತಿದ್ದೆನು. ಕೆಲವು ದಿನಗಳಾದ ಮೇಲೆ ಅವರು ಬರುವುದನ್ನೂ ಬಿಟ್ಟರು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಓದಿ ಮುಗಿಸಿದ ಪತ್ರಿಕೆಯನ್ನು ಮನೆಯಾಕೆಯು ಮಧ್ಯಾಹ್ನದ ಕೆಲಸವೆಲ್ಲ ಮುಗಿದ ಮೇಲೆ ತೆಗೆದುಕೊಂಡು, ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಮೊಂಡು ಪೆನ್ಸಿಲಿನಿಂದ ಪದಬಂಧವನ್ನು ತುಂಬಿಸುತ್ತಿದ್ದಳು. ಇದು ಎಷ್ಟೋ ವರ್ಷಗಳ ವಾಡಿಕೆ. ‘ಬರಿಯ ಕಾಲಹರಣ’ ಎಂದು ನಾನು ಹಾಸ್ಯಮಾಡುತ್ತಿದ್ದೆನು. ಒಂದು ದಿನವಾದರೂ ಆಕೆ ಏನು ಬರೆದಳೆಂದು ನೋಡಿದವನಲ್ಲ. ಈಗ ಆಕೆ ಪತ್ರಿಕೆಯನ್ನು ತಂದು ನನ್ನ ಮಂಚದ ಬಳಿಯಲ್ಲಿ ಕುಳಿತು ‘ಒಣಗಿದ ತೆಂಗಿನ ತಿರುಳು, ಮೂರು ಅಕ್ಷರ; ಏನಿರಬಹುದು ನೋಡಿ’ ಎಂದಳು.

ವಾಚಕರು ನಗಬಹುದು. ಅರಸೀಕೆರೆಯಲ್ಲಿ ಹುಟ್ಟಿದ ಮಗುವೂ ಇದಕ್ಕೆ ಉತ್ತರ ಹೇಳುವುದು. ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳ ಕಾಲ ಬಿಟ್ಟು, ಒಳಗೆ ನೀರಾರಿ ಗುಂಡು ಗುಂಡಾಗಿ ಅದು ಅಲುಗುವಂತೆ ಮಾಡುವುದು ನಮ್ಮ ಸೀಮೆಯ ಕುಲವೃತ್ತಿ. ಅದರ ವಾಸನೆಯೇ ಆ ಗಳಿಗೆಯಲ್ಲಿ ಮೂಗಿಗೆ ಬಂದಂತಾಯಿತು. ‘ನಾರಿಕೇಲ’ ಎಂದೆನು. ‘ಅದು ನಾಲ್ಕಾಯಿತು, ಮೂರೇ ಬೇಕು’ ಎಂದಳು. ಬರಲಿಲ್ಲ. ಆಗ ಆಕೆ ಉತ್ತರವನ್ನು ಹೇಳಲಿಲ್ಲ. ‘ಮೇಲಿನಿಂದ ಕೆಳಕ್ಕೆ ಇನ್ನೊಂದು ಇದೆ: ಯುಗಾದಿ, ದೀಪಾವಳಿ ಮೊದಲಾದುವು, ಎರಡಕ್ಷರ’ ಎಂದಳು. ‘ಹಬ್ಬ’ ಎಂಬ ಮಾತು ಹೇಗೋ ಹೊರಬಿದ್ದಿತು. ಆಕೆ ಅದನ್ನು ಬರೆದಳು. ಅದರ ಎರಡನೆಯ ಅಕ್ಷರವು ಮೊದಲಿನ ಮಾತಿನ ನಡುಮನೆಯಲ್ಲಿ ಕುಳಿತಿತು. ಆ ‘ಬ್ಬ’ವನ್ನು ನೋಡುತ್ತ ನೋಡುತ್ತ ಇದ್ದಂತೆಯೇ ನನ್ನ ಬಾಯಿ ‘ಕೊಬ್ಬರಿ’ ಎಂದು ಕೂಗಿತು. ಕಾಯಿಲೆಯಾದ ಮೇಲೆ ನಾನಾಗಿಯೇ ಹುಡುಕಿ ಹಿಡಿದ ಮೊದಲನೆಯ ಹೆಸರು ಇದು.

ಆಕೆಗೆ ಈ ಉಪಾಯವನ್ನು ತಿಳಿಸಿದವರು ಆಸ್ಪತ್ರೆಯ ಭಾಷಾಚಿಕಿತ್ಸಕರು. ಮಾತು ತಡೆದಾಗ ಇಡಿಯ ಮಾತನ್ನು ಬಾಯಿಗಿಡಬಾರದು. ಒಂದು ಅಕ್ಷರದ ಸುಳಿವನ್ನು ಕೊಟ್ಟು ಸ್ವಲ್ಪ ಕಾದು ನೋಡಬೇಕು ಎಂದು ಅವರು ಹೇಳಿದ್ದರಂತೆ. ಮರೆತವನ ಮಾತುಗಳು ಮಿದುಳಿನಿಂದ ಅಳಿಸಿಹೋಗಿರುವುದಿಲ್ಲ; ಅವನ್ನು ತಲಪುವ ಹಾದಿ ಮಾತ್ರ ಕೆಟ್ಟಿರುವುದುಂಟು. ಪದಬಂಧವೋ ಸ್ವಭಾವದಿಂದಲೇ ಇಂಥ ಸುಳಿವುಗಳ ಬಲೆ. ಒಂದು ಕಡೆಯಿಂದ ಅರ್ಥವು ಕರೆಯುವುದು, ಇನ್ನೊಂದು ಕಡೆಯಿಂದ ಅಕ್ಷರವು ಕೈಹಿಡಿಯುವುದು. ಆ ದಿನದಿಂದ ಮಧ್ಯಾಹ್ನ ಒಂದು ಗಂಟೆಯ ಕಾಲ ಪದಬಂಧವು ನನ್ನ ಔಷಧದ ಜೊತೆಗೆ ಸೇರಿತು. ಪೆನ್ಸಿಲನ್ನು ನಾನೇ ಹಿಡಿಯಬೇಕೆಂಬುದು ಆಕೆಯ ನಿಯಮ. ಬಲಗೈಯಿಂದ ಚೌಕದೊಳಗೆ ಅಕ್ಷರವನ್ನು ಅಡಕಮಾಡುವುದು ಬೆರಳುಗಳಿಗೂ ವ್ಯಾಯಾಮವಾಯಿತು.

ಈ ಆಟದ ಹುಟ್ಟು ಬಹಳ ಹಿಂದಿನದಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬಾತನು 1913ನೆಯ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಮೊದಲನೆಯ ಪದಬಂಧವನ್ನು ಪ್ರಕಟಿಸಿದನು. 1924ರಲ್ಲಿ ಇಂಥವುಗಳ ಮೊದಲನೆಯ ಪುಸ್ತಕವು ಒಂದು ಪೆನ್ಸಿಲಿನೊಡನೆ ಮಾರಾಟವಾಯಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1930ರಲ್ಲಿ ಇದಕ್ಕೆ ಎಡೆಕೊಟ್ಟಿತು. ನಮ್ಮ ನಾಡಿನಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಹೆಸರು ಪಡೆದಿದ್ದಾರೆ.

ಆದರೆ ಮಾತಿನ ಒಗಟು ನಮಗೆ ಹೊಸದೆಂದು ಯಾರೂ ಭಾವಿಸಬಾರದು. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಪ್ರಹೇಳಿಕೆಯೂ ಒಂದು. ದಂಡಿಯು ಕಾವ್ಯಾದರ್ಶದಲ್ಲಿ ಅದರ ಹದಿನಾರು ಭೇದಗಳನ್ನು ಹೇಳಿದ್ದಾನೆ. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿಯೂ ಮಾಘನ ಶಿಶುಪಾಲವಧದ 19ನೆಯ ಸರ್ಗದಲ್ಲಿಯೂ ಸರ್ವತೋಭದ್ರವೆಂಬ ಬಂಧವುಂಟು. ಅಕ್ಷರಗಳನ್ನು ಚೌಕಗಳಲ್ಲಿ ಬರೆದರೆ ಎಡದಿಂದಲೂ ಬಲದಿಂದಲೂ ಮೇಲಿನಿಂದಲೂ ಕೆಳಗಿನಿಂದಲೂ ಅದೇ ಪದ್ಯವು ಓದಿಸಿಕೊಳ್ಳುವುದು. ಕನ್ನಡದಲ್ಲಿ ಕುಮುದೇಂದುವಿನದೆಂದು ಹೇಳಲಾಗುವ ಸಿರಿಭೂವಲಯವು ಅಕ್ಷರಗಳಿಗೆ ಬದಲಾಗಿ 1ರಿಂದ 64ರ ವರೆಗಿನ ಅಂಕೆಗಳನ್ನು 27 ಅಡ್ಡಸಾಲು, 27 ಉದ್ದಸಾಲುಗಳ ಚಕ್ರಗಳಲ್ಲಿ ತುಂಬಿದ ವಿಚಿತ್ರ ಗ್ರಂಥ. ಇಷ್ಟನ್ನೆಲ್ಲ ತರಗತಿಯಲ್ಲಿ ಹೊಗಳಿ ಹೊಗಳಿ ಹೇಳಿದ ನಾನು, ಮನೆಯ ಹೊಸ್ತಿಲಲ್ಲಿ ನಡೆಯುತ್ತಿದ್ದ ಬಂಧಕಾವ್ಯವನ್ನು ಮಾತ್ರ ಕಾಲಹರಣವೆಂದೆನು!

ಕನ್ನಡದ ಪದಬಂಧಕ್ಕೆ ಅದರದೇ ಆದ ಸೊಗಸೂ ಕಷ್ಟವೂ ಉಂಟು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿ, ಒಟ್ಟು ಇಪ್ಪತ್ತಾರೇ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ. ಗುಣಿತವೂ ಒತ್ತೂ ಸೊನ್ನೆಯೂ ಅದರಲ್ಲಿಯೇ ಅಡಗಬೇಕು. ‘ಲಕ್ಷ್ಮಿ’ ಎಂಬ ಮಾತಿಗೆ ಎರಡೇ ಮನೆ. ಎರಡನೆಯದರಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಒಟ್ಟುಗೂಡಿ ವಾಸಿಸುವುವು. ಆದುದರಿಂದ ಅಡ್ಡಸಾಲಿನ ‘ಕಿ’ಗೆ ಉದ್ದಸಾಲಿನ ‘ಕೀ’ ಹೊಂದದು. ಹ್ರಸ್ವದೀರ್ಘಗಳಲ್ಲಿ ತಪ್ಪಿದವನು ಅಲ್ಲಿಯೇ ಸಿಕ್ಕಿಬೀಳುವನು. ಮಕ್ಕಳಿಗೆ ಕಾಗುಣಿತವನ್ನು ತಿದ್ದುವುದಕ್ಕೆ ಬೆತ್ತಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಪಾಠವನ್ನೂ ಇದು ನನಗೆ ಕಲಿಸಿತು. ಒಂದು ದಿನ ‘ಮೊಸರು ಕಡೆಯುವ ಸಾಧನ, ನಾಲ್ಕಕ್ಷರ’ ಎಂದಿದ್ದಿತು. ನನಗೆ ‘ಮಂಥನದಂಡ’ವೆಂದು ಹೊಳೆಯಿತು; ಬಹುದಿನಗಳ ಮೇಲೆ ಇಂಥ ಮಾತು ತಾನಾಗಿ ಬಂದುದಕ್ಕೆ ಹಿಗ್ಗಿದೆನು. ಎಣಿಸಿದರೆ ಐದು! ‘ಕಡಗೋಲು’ ಎಂದಳು ಆಕೆ, ಮೆಲ್ಲನೆ. ಮೊರ, ಒನಕೆ, ಒರಳು, ನೆಲುವು ಇವೆಲ್ಲ ಆಕೆಯ ಬೆರಳ ತುದಿಯಲ್ಲಿದ್ದುವು. ಸಂಸ್ಕೃತದ ಸೊಂಪಾದ ಮಾತುಗಳು ಬೇಕಾದಾಗ ಆಕೆ ನನ್ನ ಕಡೆಗೆ ತಿರುಗುವಳು. ಅಚ್ಚಗನ್ನಡದ ಮಾತು ಬಂದಾಗ ನಾನು ಆಕೆಯ ಕಡೆಗೆ ತಿರುಗುವೆನು. ಹೀಗೆ ಎರಡು ಕೋಶಗಳು ಕೂಡಿ ಒಂದು ಚೌಕವು ತುಂಬುತ್ತಿದ್ದಿತು. ಪದಬಂಧವು ಹುಟ್ಟಿದ 1913ರಲ್ಲಿಯೇ ಹುಟ್ಟಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗಾಗಿ ದುಡಿದು, 2021ರಲ್ಲಿ ದಿವಂಗತರಾದ ಜಿ. ವೆಂಕಟಸುಬ್ಬಯ್ಯನವರು ಪಂಡಿತರ ಮಾತುಗಳೊಡನೆ ಜನರ ಬಾಯಿಯ ಮಾತುಗಳಿಗೂ ಗೌರವ ಕೊಟ್ಟವರು. ಅವರ ಅಂಕಣಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದ ನನಗೆ ಆ ಗೌರವವು ನನ್ನ ಮನೆಯಲ್ಲಿಯೇ ಯಾರಿಗೆ ಸಲ್ಲಬೇಕೆಂಬುದು ತಿಳಿಯಲು ರೋಗವೊಂದು ಬರಬೇಕಾಯಿತು.

ಪದಬಂಧದಿಂದ ರೋಗವು ವಾಸಿಯಾಗುವುದೆಂದು ನಾನು ಹೇಳುವುದಿಲ್ಲ. ಅಮೆರಿಕದ ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾನಿಲಯಗಳ ವೈದ್ಯರು, ನೆನಪು ಸ್ವಲ್ಪ ಕುಂದತೊಡಗಿದ 107 ಮಂದಿಯನ್ನು 78 ವಾರಗಳ ಕಾಲ ಪರೀಕ್ಷಿಸಿ, ಗಣಕಯಂತ್ರದ ಮಿದುಳಾಟಗಳಿಗಿಂತ ಪದಬಂಧವೇ ಅವರಿಗೆ ಹೆಚ್ಚು ಉಪಕಾರಿಯಾಯಿತೆಂದು 2022ರಲ್ಲಿ ಪ್ರಕಟಿಸಿದರು. ಅವರ ವ್ಯಾಧಿ ಬೇರೆ, ನನ್ನದು ಬೇರೆ. ವೈದ್ಯರ ಮಾತ್ರೆಯನ್ನೂ ಭಾಷಾಚಿಕಿತ್ಸೆಯನ್ನೂ ನಾನು ಒಂದು ದಿನವೂ ಬಿಟ್ಟವನಲ್ಲ. ಇಂಥ ತೊಂದರೆಯಿದ್ದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಉಂಟು.

ಗೃಹಸ್ಥರಾದ ವಾಚಕರು ಮೂರು ಮಾತುಗಳನ್ನು ನೆನಪಿಡಬೇಕೆಂದು ಪ್ರಾರ್ಥಿಸುವೆನು. ಮನೆಯವರಲ್ಲಿ ಯಾರದಾದರೂ ತುಟಿಯು ಓರೆಯಾದರೆ, ಒಂದು ತೋಳು ಸೋತರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರಬಾರದು. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುವುದು. ಎರಡನೆಯದಾಗಿ, ಮಾತಿಗೆ ತಡವರಿಸುವವನನ್ನು ಬುದ್ಧಿಗೆಟ್ಟವನೆಂದು ತಿಳಿಯಬಾರದು. ಅವನ ಮುಂದೆಯೇ ಅವನ ವಿಷಯವನ್ನು ಪಿಸುಗುಟ್ಟಬಾರದು. ಮೂರನೆಯದಾಗಿ, ಅವನ ಮಾತನ್ನು ನೀವೇ ಮುಗಿಸಿಬಿಡಬೇಡಿ. ಒಂದು ಅಕ್ಷರವನ್ನು ಕೊಟ್ಟು ಕಾದುಕೊಂಡಿರಿ. ಕಾಯುವುದೇ ಇಲ್ಲಿ ಶುಶ್ರೂಷೆ.

ನನಗೆ ಈಗ ಬಹುಮಟ್ಟಿಗೆ ವಾಸಿಯಾಗಿದೆ. ಬೆಳಗ್ಗೆ ಕೋಲೂರಿಕೊಂಡು ಊರಿನ ಹೊಯ್ಸಳ ಶಿವಾಲಯದ ವರೆಗೆ ನಡೆದು, ಅದರ ನಕ್ಷತ್ರಾಕಾರದ ಮಂಟಪದಲ್ಲಿ ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ. ಆದರೂ ಆಯಾಸವಾದಾಗ ಕೆಲವು ಹೆಸರುಗಳು ಇನ್ನೂ ತಪ್ಪಿಸಿಕೊಳ್ಳುವುವು. ಮೊನ್ನೆ ಯುಗಾದಿಯ ಮರುದಿನ ಮನೆಯಾಕೆಯು ನನ್ನನ್ನು ಕೇಳದೆಯೇ ಬೀದಿಯ ಮಕ್ಕಳನ್ನು ಕರೆದು ಜಗಲಿಯಲ್ಲಿ ಕೂರಿಸಿದಳು. ಬೇರೆ ದಾರಿಯಿಲ್ಲದೆ ಪಾಠವನ್ನು ಆರಂಭಿಸಿದೆನು. ಲಕ್ಷ್ಮಿಯ ಹೆಸರುಗಳು ಬಂದುವು. ನಾನು ಹೆದರಿದ್ದ ಎಡೆಯಲ್ಲಿಯೇ ನಾಲಗೆಯು ನಿಂತಿತು. ಮಕ್ಕಳು ನನ್ನ ಮುಖವನ್ನು ನೋಡುತ್ತಿದ್ದರು. ಆಗ ಅಡುಗೆಮನೆಯ ಕಡೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ‘ಹ...’ ಎಂದು ಕೇಳಿಸಿತು.

‘ಹರಿಪ್ರಿಯಾ’ ಎಂದೆನು, ಪಾಠವು ಮುಂದೆ ಸಾಗಿತು.

ಆಕೆಗೆ ಅಮರಕೋಶವನ್ನು ಯಾರು ಹೇಳಿಕೊಟ್ಟರು? ನಾನಂತೂ ಒಂದು ದಿನವೂ ಕೂರಿಸಿಕೊಂಡು ಹೇಳಿದವನಲ್ಲ. ಮೂವತ್ತು ವರ್ಷಗಳ ಕಾಲ ಪ್ರತಿ ಸಂಜೆಯೂ ಜಗಲಿಯಿಂದ ಕೇಳಿಬರುತ್ತಿದ್ದುದನ್ನು ಆಕೆ ಒಲೆಯ ಮುಂದೆ ನಿಂತು ಕಿವಿಯಿಂದಲೇ ಕಲಿತಿದ್ದಳು. ಈಗ ಮಧ್ಯಾಹ್ನ ಪದಬಂಧಕ್ಕೆ ಕುಳಿತಾಗ ಪೆನ್ಸಿಲನ್ನು ನಾವು ಒಂದು ದಿನ ಆಕೆ, ಒಂದು ದಿನ ನಾನು ಎಂದು ಹಂಚಿಕೊಂಡಿದ್ದೇವೆ. ಇಂದು ಆಕೆಯ ಸರದಿ. ಆದುದರಿಂದಲೇ ಈ ಲೇಖನವನ್ನು ಬರೆಯುವುದಕ್ಕೆ ನನಗೆ ಬಿಡುವು ದೊರೆಯಿತು.